ಪೀಣ್ಯದ 14 ಜನರ ಶೆಡ್‌ಗೆ 86 ಪ್ರಶ್ನೆಯ ಇಎಸ್‌ಜಿ ಫಾರಂ ಬಂದಿದೆ, ತುಂಬಲೇಬೇಕಾ?

ಶೆಡ್‌ನವನು:
ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಶೆಡ್ ಇದೆ. ನಾಲ್ಕು ಲೇತ್, ಎರಡು ಪವರ್ ಪ್ರೆಸ್. ನಾವು ಜಾಬ್ ವರ್ಕ್ ಮಾಡಿಕೊಡುವ ಒಂದು ದೊಡ್ಡ ಲಿಸ್ಟೆಡ್ ಕಂಪನಿ ಹೋದ ವಾರ ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಬಗ್ಗೆ ಒಂದು ಎಕ್ಸೆಲ್ ಕಳಿಸಿದೆ, ಹದಿನೈದು ದಿನದಲ್ಲಿ ತುಂಬಿ ಕೊಡಬೇಕಂತೆ. ಸ್ಕೋಪ್ 1 (ನಾವೇ ಸುಡುವ ಇಂಧನದ ಇಂಗಾಲ), ಸ್ಕೋಪ್ 2 (ಕೊಂಡ ಕರೆಂಟಿನ ಲೆಕ್ಕದ ಇಂಗಾಲ) ಎಷ್ಟು, ಸ್ವತಂತ್ರ ನಿರ್ದೇಶಕರು ಎಷ್ಟು ಜನ, ಜೀವವೈವಿಧ್ಯ ನೀತಿ ಇದೆಯಾ, ಹೀಗೆ. ನಮ್ಮದು ಪಾಲುದಾರಿಕೆ, ನಾನು ಮತ್ತು ತಮ್ಮ ಇಬ್ಬರೇ. ಕನ್ಸಲ್ಟೆಂಟ್ ಒಬ್ಬರು 60 ಸಾವಿರ ಕೇಳಿದರು. ಪರಿಸರ ಬೇಡ, ಕೆಲಸದವರು ಬೇಡ ಅನ್ನುವವನಲ್ಲ ನಾನು. ಆದರೆ ಈ ಪ್ರಶ್ನೆಗಳನ್ನು ನಮ್ಮಂಥ ಶೆಡ್ ನೋಡಿದವರು ಬರೆದಂತಿಲ್ಲ.

ಲೆಕ್ಕದ ಪುಸ್ತಕ:
ಸರ್, ಗಾಬರಿ ಬೇಡ. ಬಿಆರ್‌ಎಸ್‌ಆರ್ (ಕಂಪನಿಯ ಇಎಸ್‌ಜಿ ವಿವರದ ವಾರ್ಷಿಕ ವರದಿ) ಕೊಡಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿ ಹೇಳಿರುವುದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ, 2022-23ರಿಂದ. ಸಪ್ಲೈಯರ್‌ಗಳ ಮಾಹಿತಿ ಕೇಳುವುದು ಮೊದಲ 250 ಕಂಪನಿಗಳ ವಿಷಯ, ಅದೂ 2025ರ ಮಾರ್ಚ್ ಸುತ್ತೋಲೆಯಲ್ಲಿ ಐಚ್ಛಿಕ ಅಂತಲೇ ಇದೆ, ಮತ್ತು ಅವರ ಖರೀದಿಯಲ್ಲಿ ಶೇ 2ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರಿಗೆ ಮಾತ್ರ. ನಿಮ್ಮದು ಅಷ್ಟು ಇರಲಿಕ್ಕಿಲ್ಲ ಅಲ್ವಾ? ಹಾಗಿದ್ದರೆ ಇದು ಗಿರಾಕಿಯ ಬೇಡಿಕೆ, ಸೆಬಿಯ ಕಡ್ಡಾಯ ಅಲ್ಲ. ಸ್ಕೋಪ್ 2ಕ್ಕೆ 60 ಸಾವಿರ ಕೊಡಬೇಡಿ. ಬೆಸ್ಕಾಂ ಬಿಲ್‌ನ ಯೂನಿಟ್‌ಗಳನ್ನು ಸುಮಾರು 0.7ರಿಂದ ಗುಣಿಸಿ, ಅಷ್ಟು ಕೆಜಿ ಇಂಗಾಲದ ಡೈಆಕ್ಸೈಡ್. ಜನರೇಟರ್ ಡೀಸೆಲ್ ಆದರೆ ಲೀಟರಿಗೆ ಸುಮಾರು 2.7 ಕೆಜಿ, ಅದು ಸ್ಕೋಪ್ 1. ಉಳಿದದ್ದಕ್ಕೆ 'ನಮಗೆ ಅನ್ವಯಿಸುವುದಿಲ್ಲ' ಅಂತ ಬರೆದು ಒಂದು ಸಾಲಿನ ಕಾರಣ ಕೊಡಿ.

ಸೆಬಿ 2023ರಲ್ಲಿ ತಂದ ಬಿಆರ್‌ಎಸ್‌ಆರ್ ಕೋರ್, ಅಂದರೆ ಆ ವರದಿಯ ಮುಖ್ಯ ಪ್ರಶ್ನೆಗಳ ಭಾಗ, ನೋಡಿದರೆ ನಮ್ಮ ದೇಶಕ್ಕೆ ಹೊಂದುವ ಪ್ರಶ್ನೆಗಳಿವೆ. ಸಣ್ಣ ಊರುಗಳಲ್ಲಿ ಎಷ್ಟು ಸಂಬಳ ಕೊಟ್ಟಿರಿ, ಹೆಂಗಸರಿಗೆ ಎಷ್ಟು, ಸಣ್ಣ ಕೈಗಾರಿಕೆಗಳಿಂದ ನೇರವಾಗಿ ಎಷ್ಟು ಕೊಂಡಿರಿ. ಸಪ್ಲೈಯರ್‌ಗಳ ದುಡ್ಡು ಎಷ್ಟು ದಿನ ಬಾಕಿ ಇರುತ್ತದೆ ಅನ್ನುವುದನ್ನೂ ಕಂಪನಿ ಹೇಳಬೇಕು!

ಪ್ರೆಸ್ ಶಾಪ್:
ನಾನು ಇಪ್ಪತ್ತು ವರ್ಷ ಪ್ರೆಸ್ ಶಾಪ್ ಸೂಪರ್‌ವೈಸರ್ ಆಗಿದ್ದವನು. ಅಣ್ಣ, ಆ 86ರಲ್ಲಿ ಪವರ್ ಪ್ರೆಸ್‌ಗೆ ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಕವಚ) ಇದೆಯಾ ಅಂತ ಒಂದು ಪ್ರಶ್ನೆ ಇದೆಯಾ ನೋಡಿ. ನನ್ನ ಕಣ್ಣೆದುರಿಗೇ ಇಬ್ಬರು ಹುಡುಗರು ಬೆರಳು ಕಳಕೊಂಡರು, ಒಬ್ಬನಿಗೆ ಇಎಸ್‌ಐ ಕೂಡ ಇರಲಿಲ್ಲ, ಕಂಟ್ರಾಕ್ಟರ್ ಕಡೆಯವನು ಅಂತ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ, ಹಾಗಿದ್ದರೆ ನಿಮ್ಮ ಪಾರ್ಟ್‌ಗೆ ಪ್ಲೇಟಿಂಗ್ (ಕ್ರೋಮ್‌ನಂಥ ಲೋಹದ ಲೇಪ) ಮಾಡುವವರು ನೀರನ್ನು ಎಲ್ಲಿಗೆ ಬಿಡುತ್ತಾರೆ ಅನ್ನುವುದು ದೊಡ್ಡ ಪ್ರಶ್ನೆ. ಬಡ ದೇಶ ಅಂತ ಮಾನದಂಡ ಸಡಿಲ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಜಾಗ ನೋಡಿ ಪ್ರಶ್ನೆ ಬದಲಾಯಿಸಲಿ. ನಮ್ಮಲ್ಲಿ ಇ, ಎಸ್, ಜಿ ಅಂದರೆ ಪ್ಲೇಟಿಂಗ್ ನೀರು, ಗಾರ್ಡ್ ಮತ್ತು ಇಎಸ್‌ಐ, ಟೈಮಿಗೆ ಪೇಮೆಂಟ್.

ಶೆಡ್‌ನವನು:
ಈಗಷ್ಟೇ ಮತ್ತೆ ಓದಿದೆ, ಗಾರ್ಡ್ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ನಿಜ ಹೇಳಬೇಕೆಂದರೆ ನಮ್ಮ ಎರಡನೇ ಪ್ರೆಸ್‌ಗೂ ಗಾರ್ಡ್ ಇಲ್ಲ. ಕನ್ಸಲ್ಟೆಂಟ್‌ಗೆ ಕೊಡಬೇಕೆಂದಿದ್ದ ದುಡ್ಡಲ್ಲಿ ಅದನ್ನು ಹಾಕಿಸುತ್ತೇನೆ. ಪೇಮೆಂಟ್ ವಿಷಯವನ್ನೂ ಬರೆದು ಕಳಿಸುತ್ತೇನೆ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಜಾಸ್ತಿ ಅಂದರೆ 45 ದಿನ, ನಮಗೆ ಬರುವುದು 110 ದಿನಕ್ಕೆ. ಆರ್ಡರ್ ಕಟ್ ಆಗದ ಹಾಗೆ ಇದನ್ನು ಹೇಗೆ ಬರೆಯುವುದು, ಯಾರಾದರೂ ಬರೆದಿದ್ದೀರಾ?