ಪದ ಬೇಕಿತ್ತು: ಮೆಟಾಲಿಕ್, ರಫ್‌ನೆಸ್ (ನಾಳೆ ಬೆಳಿಗ್ಗೆ ಬೋರ್ಡ್ ಪ್ರಿಂಟಿಗೆ!)

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಹೇಳ್ಕೊಡ್ತೀನಿ, ದಸರಾ ರಜೆಗೆ ಒಂದು ಪುಟ್ಟ ಪ್ರದರ್ಶನ ಇಟ್ಕೊಂಡಿದೀವಿ, ಹುಡುಗ್ರು ಅಂಬಾರಿನ ತ್ರೀಡಿಯಲ್ಲಿ ಮಾಡಿ ಚಿನ್ನ ಚಿನ್ನದ ಥರಾನೇ ಕಾಣೋ ಹಾಗೆ ಶೇಡರ್ (ಮೇಲ್ಮೈಗೆ ಬಣ್ಣ ಲೆಕ್ಕ ಹಾಕೋ ಪುಟ್ಟ ಪ್ರೋಗ್ರಾಂ) ಬರೆದಿದಾರೆ. ಪಕ್ಕದಲ್ಲಿ ಎರಡು ಸ್ಲೈಡರ್, ಮೆಟಾಲಿಕ್ (ಎಷ್ಟು ಲೋಹದ ಥರ) ಮತ್ತೆ ರಫ್‌ನೆಸ್ (ಬಿಂಬ ಎಷ್ಟು ಮಸುಕು), ಎರಡೂ 0ಯಿಂದ 1ರವರೆಗೆ. ಕನ್ನಡದಲ್ಲಿ ಏನು ಬರೆಯೋದು? ಮೊದಲನೇದಕ್ಕೆ 'ಹೊಳಪು' ಅಂತ ಹಾಕಿದ್ದೆ, ಒಬ್ಬ ಹುಡುಗ 'ಮಿಸ್, ಪ್ಲಾಸ್ಟಿಕ್ ಬಕೆಟ್ಟೂ ಹೊಳೆಯುತ್ತಲ್ಲ' ಅಂದ. ಅವನು ಹೇಳಿದ್ದು ಸರಿ. ಕೆಂಪು ಬಕೆಟ್ ಮೇಲೆ ಟ್ಯೂಬ್‌ಲೈಟಿನ ಬಿಂಬ ಬೆಳ್ಳಗೇ ಇರುತ್ತೆ, ತಾಮ್ರದ ಚೊಂಬಲ್ಲಾದ್ರೆ ಆ ಬಿಂಬಕ್ಕೇ ತಾಮ್ರದ ಬಣ್ಣ ಬಂದಿರುತ್ತೆ. ನೇರ ನೋಡಿದ್ರೆ ಪ್ಲಾಸ್ಟಿಕ್ ಮೇಲ್ಮೈಯಿಂದ ವಾಪಸ್ ಬರೋದು ಶೇಕಡ 4ರಷ್ಟು ಬೆಳಕು ಅಷ್ಟೇ, ಲೋಹದಿಂದ ಬಹುಪಾಲು. ಇದೆಲ್ಲ ಹೊಳಪು ಅನ್ನೋದ್ರಲ್ಲಿ ಬರಲ್ಲ.

— ಕುವೆಂಪುನಗರದಿಂದ ಮೇಷ್ಟ್ರು:

ಮಿರುಗು. ಮುಗೀತು. ಮಿಂಚು, ಮಿನುಗು, ಮಿಣುಕು ಎಲ್ಲ ಒಂದೇ ಬಳ್ಳಿ, ನನ್ನ ಕೇಳಿದ್ರೆ ಮೀನು ಕೂಡ ಅದೇ. ರಫ್‌ನೆಸ್‌ಗೆ ದೊರಗು. ಶೇಡರ್‌ಗೆ ನೆರಳುಗ ಅನ್ನಿ. ಯಾರಾದ್ರೂ 'ಲೋಹೀಯತೆ' ಅಂತ ಬರೋಕ್ಕೆ ಮುಂಚೆ ಹೇಳ್ಬಿಡ್ತೀನಿ, ಬೇಡ.

— ಮಂಡ್ಯದಿಂದ:

ಮೇಷ್ಟ್ರೇ, ಮೀನು ಆಮೇಲೆ ಹಿಡೀರಿ, ಆಯಮ್ಮನ ಬೋರ್ಡ್ ನಾಳೆ ಹೋಗ್ಬೇಕು. ನಮ್ಮದು ಪಾತ್ರೆ ಅಂಗಡಿ, ನಾನು ಕಂಡಿದ್ದು ಹೇಳ್ತೀನಿ. ದೊರಗು ಅಂದ್ರೆ ಕೈಗೆ ತಗುಲ್ಬೇಕು. ಮ್ಯಾಟ್ ಫಿನಿಶ್ ಸ್ಟೀಲ್ ತಟ್ಟೆ ಸವರಿ ನೋಡಿ, ನುಣ್ಣಗೇ ಇರ್ತದೆ, ಮುಖ ಮಾತ್ರ ಕಾಣಲ್ಲ, ಕಣ್ಣಿಗೂ ಬೆರಳಿಗೂ ಸಿಗದಷ್ಟು ಸಣ್ಣ ಏರುತಗ್ಗು ಬೆಳಕನ್ನ ಚೆದುರಿಸಿಬಿಡ್ತದೆ. ಇವರ ರಫ್‌ನೆಸ್ಸು ಅದೇ ತಾನೆ? ಹಿಟ್ಟಿನ ಗಿರಣೀಲಿ 'ಸ್ವಲ್ಪ ತರಿ ಇರ್ಲಿ' ಅಂತೀವಲ್ಲ, ಆ ತರಿ ಸಾಕು. 0 ಕಡೆ ನುಣುಪು, 1ರ ಕಡೆ ತರಿ. ಇನ್ನೊಂದಕ್ಕೆ ತನ, ತೆ, ಇಕೆ ಏನೂ ಅಂಟಿಸಬೇಡಿ, ಒಂದು ತುದೀಲಿ 'ಪ್ಲಾಸ್ಟಿಕ್' ಇನ್ನೊಂದು ತುದೀಲಿ 'ಲೋಹ' ಅಂತ ಬರೀರಿ. ಮಧ್ಯ ಏನಿದ್ರೂ ಧೂಳೋ ತುಕ್ಕೋ ಕೂತಿರೋ ಕಡೆಗೆ ಅಷ್ಟೇ.

— ಕುವೆಂಪುನಗರದಿಂದ ಮೇಷ್ಟ್ರು:

ಲೋಹ ಸಂಸ್ಕೃತ, ಪ್ಲಾಸ್ಟಿಕ್ ಇಂಗ್ಲಿಷು. ಕನ್ನಡ ಎಲ್ಲಿ?

— ಬೆಂಗಳೂರಿನಿಂದ, ಮೂಲ ನಂಜನಗೂಡು:

ನೆರಳುಗ ಖಂಡಿತ ತಪ್ಪು. ಶೇಡರ್ ಕೆಲಸ ನೆರಳು ಬೀಳಿಸೋದಲ್ಲ, ಒಂದೊಂದು ಪಿಕ್ಸೆಲ್‌ಗೂ ಬೆಳಕು ಎಲ್ಲಿಂದ ಬಂತು, ಮೇಲ್ಮೈ ಯಾವ ಕಡೆ ತಿರುಗಿದೆ, ನೋಡೋರು ಎಲ್ಲಿದಾರೆ ಅಂತ ಲೆಕ್ಕ ಹಾಕಿ ಬಣ್ಣ ಕೊಡೋದು. ಲೋಹಕ್ಕಂತೂ ಸುತ್ತಮುತ್ತಲಿನ ಚಿತ್ರವನ್ನೇ ಕೊಡಬೇಕು, ಕೊಡದಿದ್ರೆ ಚಿನ್ನ ಹೋಗಿ ಕಂದು ಮಣ್ಣಿನ ಗೊಂಬೆ ಆಗುತ್ತೆ. ಗ್ರಾಫಿಕ್ಸ್ ಸಂಶೋಧಕರಾದ ಬ್ಲಿನ್ ಮತ್ತೆ ನ್ಯೂವೆಲ್ 1976ರಲ್ಲೇ ಈ ದಾರಿ ತೋರಿಸಿದ್ರು. ಇನ್ನು ಎರವಲು ಮುಟ್ಟಲ್ಲ ಅನ್ನೋರಿಗೆ, ಅಂಬಾರಿ ಅರಬ್ಬಿ ಪಾರಸಿ ಕಡೆಯಿಂದ ಬಂದದ್ದು, ಅಂಗಡಿಯವರ ಕಲಾಯಿಯೂ ಅಲ್ಲಿಂದಲೇ. ಶೇಡರ್ ಇಳಿಸೋದಾದ್ರೆ ಅಂಬಾರೀನೂ ಆನೆ ಮೇಲಿಂದ ಇಳಿಸಿ.

— ಕುವೆಂಪುನಗರದಿಂದ ಮೇಷ್ಟ್ರು:

ಅಂಬಾರಿ ಜನರ ಬಾಯಲ್ಲಿ ಸವೆದು ನಮ್ಮದಾಗಿದೆ. ಶೇಡರ್ ಯಾರ ಬಾಯಲ್ಲಿದೆ?

— ಸರಸ್ವತಿಪುರಂನಿಂದ:

ನನ್ನ ಹನ್ನೊಂದು ಹುಡುಗರ ಬಾಯಲ್ಲಿದೆ ಸಾರ್, ದಿನಾ ಬೈಯ್ಕೊಂಡು ಬರೀತಾರೆ. ಮಂಡ್ಯದವರು ಹೇಳಿದ್ದನ್ನೇ ಹಾಕ್ತಿದೀನಿ, ತುಂಬಾ ಥ್ಯಾಂಕ್ಸ್ ಅಣ್ಣ. ಮನೇಲಿ ಅಮ್ಮನಿಗೆ ತೋರಿಸ್ದೆ, ತರಿ ಕಡೆ ಎಳೆದು 'ಓ, ಹುಣಸೆಹಣ್ಣು ಹಾಕಿ ಉಜ್ಜಿಲ್ಲ' ಅಂದ್ರು, ಕೊಳೆಗೂ ತರಿಗೂ ವ್ಯತ್ಯಾಸ ಇದೆ, ಆದ್ರೂ ಅರ್ಥ ಆಯ್ತಲ್ಲ. ಪ್ರಿಂಟಿಂಗ್‌ನವರು ಫೋನ್ ಮಾಡಿದ್ರು, ಶೇಡರ್‌ಗೆ ಶ ಹಾಕೋದಾ ಷ ಹಾಕೋದಾ ಅಂತ ಕೇಳ್ತಿದಾರೆ, ಬೇಗ ಹೇಳಿ.

— ಕುವೆಂಪುನಗರದಿಂದ ಮೇಷ್ಟ್ರು:

ಶ. ಷ ಅನ್ನೋ ಅಕ್ಷರಾನೇ ನಮಗೆ ಬೇಕಿಲ್ಲ.