ಪಿಟೀಲು ಕೂಟಕ್ಕೆ ಮಗಳನ್ನು ಕಳಿಸಲಾ ಅಂತ ಕೇಳಿದ ಅತ್ತಿಗೆಗೆ

ಎಲ್ಲರಿಗೂ ನಮಸ್ಕಾರ. ಸಾಗರದ ಅತ್ತಿಗೆ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೊಟ್ಟಿಗೆ ಕೆಲಸ ಮುಗಿಸಿ, ಕೂತು ನಿಧಾನವಾಗಿ ಹೇಳೋಣ ಅಂತ ಇಟ್ಟುಕೊಂಡಿದ್ದೆ. ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತಾದಾಗ ಕೇಳಿ.

ನೀವು ಕೇಳಿದ್ದು ಇಷ್ಟು. ಫೆಬ್ರವರಿಯಲ್ಲಿ ನಮ್ಮ ತೀರ್ಥಹಳ್ಳಿ ಮನೆಯಲ್ಲಿ ಶನಿವಾರ, ಭಾನುವಾರ ಪಿಟೀಲಿನವರೆಲ್ಲ ಸೇರುತ್ತೇವೆ ಅಂದೆನಲ್ಲ, ಅದಕ್ಕೆ ನಿಮ್ಮ ಮಗಳು ಬರಬಹುದಾ ಅಂತ. ಅವಳು ಶುರು ಮಾಡಿ ಎರಡೇ ವರ್ಷ. ಸುಲಭದ ಗೀತೆ ಮುಗಿದಿದೆ, ಅದರ ಮುಂದಿನ ಕಷ್ಟದ ವರ್ಣ ಇನ್ನೂ ಹಿಡಿದಿಲ್ಲ. ದೊಡ್ಡವರ ನಡುವೆ ಅಪಸ್ವರ ಬಂದರೆ ಮಗು ಕುಗ್ಗಿಹೋಗುತ್ತದೆ ಅಂತ ನಿಮ್ಮ ಭಯ. ಅದರ ಕೆಳಗೆ ಭಾವ ಬರೆದಿದ್ದಾರೆ, ಫೋನಿನಲ್ಲೇ ಬೇಕಾದಷ್ಟು ಪಾಠ ಸಿಗುವಾಗ ಎರಡು ದಿನ ಅಷ್ಟು ದೂರ ಯಾಕೆ ಅಂತ. ಶಿವಮೊಗ್ಗದ ದೊಡ್ಡಪ್ಪನದು ಇನ್ನೊಂದು ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಅತ್ತಿಗೆ, ಕಳಿಸಿ. ಅವಳು ಬರಲೇಬೇಕು ಅಂತ ನನ್ನ ಆಸೆ. ಯಾಕೆ ಅಂತ ಹೇಳಬೇಕಾದರೆ ನನ್ನದೇ ಕಥೆ ಹೇಳಬೇಕು.

ನನಗೆ ಪಿಟೀಲು ಬಂದಿದ್ದು 14ನೇ ವಯಸ್ಸಿನಲ್ಲಿ. ಆ ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ದೂರದ ಊರಿನ ಒಂದು ಅಂಗಡಿಯಿಂದ ತಂದಿದ್ದರು. ನನ್ನ ಮೇಷ್ಟ್ರು ಹಾಡುಗಾರರು. ಅವರು ಹಾಡುತ್ತಿದ್ದರು, ನಾನು ಕೇಳಿ ನುಡಿಸುತ್ತಿದ್ದೆ. ಹೇಳಿಕೊಡುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಆದರೆ ಪಿಟೀಲು ಕೈಯಲ್ಲಿ ಹಿಡಿದವರಲ್ಲ. ಎರಡು ವರ್ಷ ನನ್ನ ಬೆರಳ ತುದಿ ಹಸಿಯಾಗಿಯೇ ಇತ್ತು. ಒತ್ತಿ ಒತ್ತಿ ಗೆರೆ ಬೀಳುತ್ತಿತ್ತು. ಮೇಲಿನ ಸ್ವರಕ್ಕೆ ಹೋದರೆ ಕೀರಲು ಸದ್ದು. ನನ್ನ ಕೈಯೇ ಇದಕ್ಕೆ ಹೇಳಿದ್ದಲ್ಲ ಅಂತ ಒಬ್ಬಳೇ ಅತ್ತಿದ್ದೇನೆ. ಬಿಟ್ಟೇ ಬಿಡುವುದು ಅಂತ ತೀರ್ಮಾನವೂ ಮಾಡಿದ್ದೆ.

ಆಗ ಒಂದು ರಾಮನವಮಿ. ದೇವಸ್ಥಾನದ ಹಿಂದಿನ ಕೋಣೆಯಲ್ಲಿ ನಾಲ್ಕೈದು ಜನ ಪಿಟೀಲಿನವರು ಸುಮ್ನೆ ನುಡಿಸುತ್ತಾ ಕೂತಿದ್ದರು. ನನ್ನನ್ನೂ ಕರೆದರು. ಒಬ್ಬ ವಯಸ್ಸಾದವರು ನನ್ನ ಪಿಟೀಲು ತೆಗೆದುಕೊಂಡು ಒಂದು ತಂತಿ ಒತ್ತಿ ನೋಡಿದರು. ಏನೂ ಮಾತಾಡಲಿಲ್ಲ. ಬೆರಳಿಟ್ಟು ತಂತಿ ಒತ್ತುವ ಬೆರಳು ಹಲಗೆ ಮುಗಿಯುವ ಜಾಗದಲ್ಲಿ, ಎಲ್ಲಕ್ಕಿಂತ ದಪ್ಪನೆಯ ನಾಲ್ಕನೇ ತಂತಿಯ ಅಡಿಗೆ ಒಂದು ಪೆನ್ಸಿಲ್ ತೂರಿಸಿದರು. ಸಲೀಸಾಗಿ ಆ ಕಡೆ ಹೋಯಿತು, ತಂತಿ ಅಷ್ಟು ಎತ್ತರದಲ್ಲಿತ್ತು. ಅಲ್ಲಿ ಇರಬೇಕಾದದ್ದು ಸುಮಾರು 5 ಮಿಲಿಮೀಟರ್ ಜಾಗ. ತೆಳ್ಳನೆಯ ಮೊದಲನೇ ತಂತಿಗಾದರೆ 3, ಹೆಚ್ಚೆಂದರೆ 3.5. ಅಂಗಡಿಯಲ್ಲಿ ಕುದುರೆಯನ್ನು, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡನ್ನು, ಕೆತ್ತದೆ ಹಾಗೇ ನಿಲ್ಲಿಸಿ ಕೊಟ್ಟಿದ್ದರು. ಅವರು ಅಲ್ಲೇ ತಂತಿ ಸಡಿಲಿಸಿ, ಕುದುರೆ ತೆಗೆದು, ಚಾಕು ಮತ್ತು ಮರಳು ಕಾಗದದಲ್ಲಿ ಮೇಲಿನ ಅಂಚು ತಗ್ಗಿಸಿ ಕೂರಿಸಿದರು. ಅರ್ಧ ಗಂಟೆ ಅಷ್ಟೆ. ಅವತ್ತು ಸಂಜೆ ನಾನು ನುಡಿಸಿದ್ದು ನನಗೇ ನಂಬಿಕೆ ಆಗಲಿಲ್ಲ.

ಆ ಕೋಣೆಗೆ ಹೋಗದೆ ಇದ್ದಿದ್ದರೆ ಇವತ್ತು ನನ್ನ ಕೈಯಲ್ಲಿ ಪಿಟೀಲು ಇರುತ್ತಿರಲಿಲ್ಲ. ಅದಕ್ಕೇ ವರ್ಷ ವರ್ಷ ಜಗಲಿ ಗುಡಿಸಿ, ಚಾಪೆ ಹಾಸಿ ಎಲ್ಲರನ್ನೂ ಕರೆಯುವುದು.

ಭಾವ, ನಿಮ್ಮ ಮಾತಿಗೂ ಇದರಲ್ಲೇ ಅರ್ಧ ಉತ್ತರ ಇದೆ. ಫೋನು ತೋರಿಸುತ್ತದೆ, ಸರಿ. ಆದರೆ ಅದು ನಮ್ಮನ್ನು ನೋಡುವುದಿಲ್ಲ. ಇನ್ನರ್ಧ ಕಿವಿಯದು. ವೀಣೆಗೆ ಬೆರಳಿಡುವ ಜಾಗ ತೋರಿಸುವ 24 ಮೆಟ್ಟು ಇವೆ. ಪಿಟೀಲಿಗೆ ಒಂದೂ ಇಲ್ಲ. ಬೆರಳು ಎಳ್ಳಿನಷ್ಟು ಸರಿದರೂ ಸ್ವರ ಜಾರುತ್ತದೆ. ಒಬ್ಬರೇ ನುಡಿಸುವಾಗ ಆ ಜಾರಿದ್ದೇ ಅಭ್ಯಾಸವಾಗಿಬಿಡುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಅದೇ ಸ್ವರ ಹಿಡಿದು ಕೂತಿದ್ದರೆ ಕಥೆಯೇ ಬೇರೆ. ಎರಡೂ ಕೂಡದಿದ್ದರೆ ವಂಯ್ ವಂಯ್ ಅಂತ ಒಂದು ಅಲೆ ಕೇಳುತ್ತದೆ. ಒಂದು ತಂತಿ ಸೆಕೆಂಡಿಗೆ 440 ಸಲ ಕಂಪಿಸುತ್ತಾ, ಇನ್ನೊಂದು 443 ಇದ್ದರೆ ಆ ಅಲೆ ಸೆಕೆಂಡಿಗೆ 3 ಸಲ ಬರುತ್ತದೆ. ಬೆರಳು ಸರಿ ಜಾಗಕ್ಕೆ ಹತ್ತಿರ ಬಂದ ಹಾಗೆ ಅಲೆ ನಿಧಾನವಾಗುತ್ತದೆ. ಪೂರ್ತಿ ಕೂಡಿದಾಗ ನಿಂತೇ ಹೋಗುತ್ತದೆ. ಯಾರೂ ತಪ್ಪು ಅಂತ ಹೇಳಬೇಕಾಗಿಲ್ಲ. ಮಗುವಿನ ಕಿವಿಗೇ ಗೊತ್ತಾಗುತ್ತದೆ, ಬೆರಳು ತಾನಾಗಿ ಸರಿಯುತ್ತದೆ. ಶನಿವಾರ ಬೆಳಿಗ್ಗೆ ಮೊದಲ ಒಂದು ಗಂಟೆ ನಾವು ಮಾಡುವುದು ಇದನ್ನೇ. ಬರೀ ಸ, ಬರೀ ಪ. ಉದ್ದ ಕಮಾನು, ಎಂಟು ಎಣಿಕೆಗೆ ಒಂದು ಎಳೆತ. ನನಗೆ ಇಡೀ ಎರಡು ದಿನದಲ್ಲಿ ತುಂಬಾ ಇಷ್ಟವಾಗುವುದು ಆ ಒಂದು ಗಂಟೆ.

ಆಮೇಲೆ ಸರಳೆ ವರಸೆ, ಎಲ್ಲರೂ ಮೊದಲು ಕಲಿಯುವ ಸ್ವರಪಾಠ. ಅತ್ತಿಗೆ, ಇದನ್ನು ನೀವು ಗಮನವಿಟ್ಟು ಕೇಳಿ. ನಿಮ್ಮ ಮಗಳಿಗೆ ಭಯ ಬೇಡ ಅಂತ ನಾನು ಹೇಳುವುದು ಇದರ ಮೇಲೆಯೇ. ಮಾಯಾಮಾಳವಗೌಳ ರಾಗದ ಮೊದಲ ವರಸೆಯನ್ನು ಎಲ್ಲರೂ ಒಟ್ಟಿಗೇ ನುಡಿಸುತ್ತೇವೆ, ಆದರೆ ಬೇರೆ ಬೇರೆ ಕಾಲದಲ್ಲಿ, ಅಂದರೆ ವೇಗದಲ್ಲಿ. ಚಿಕ್ಕವರು ಒಂದನೇ ಕಾಲ, ಅವರದು ಎಣಿಕೆಗೆ ಒಂದೇ ಸ್ವರ. ಸ್ವಲ್ಪ ಕಲಿತವರು ಎರಡನೇ ಕಾಲ, ಎಣಿಕೆಗೆ ಎರಡು. ದೊಡ್ಡವರು ಮೂರನೇ ಕಾಲ, ಎಣಿಕೆಗೆ ನಾಲ್ಕು. ಚಿಕ್ಕವರು ಒಂದು ಸಲ ಏರಿ ಇಳಿಯುವುದರೊಳಗೆ ಎರಡನೆಯವರು ಎರಡು ಸಲ, ದೊಡ್ಡವರು ನಾಲ್ಕು ಸಲ ಹೋಗಿ ಬಂದಿರುತ್ತಾರೆ. ಮುಗಿಯುವುದು ಮಾತ್ರ ಎಲ್ಲರದೂ ಒಟ್ಟಿಗೆ. ಒಂದನೇ ಕಾಲದವರು ಅಲುಗಾಡದೆ ನಿಂತರೆ ಮಾತ್ರ ಮೂರನೇ ಕಾಲ ಓಡಲು ಆಗುವುದು. ಅಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವವಳು ನಿಮ್ಮ ಮಗಳೇ.

ಮಧ್ಯಾಹ್ನದ ಮೇಲೆ ಕಿವಿಯಲ್ಲಿ ಕಲಿಯುವ ಹೊತ್ತು. ಪುಸ್ತಕ ಇಲ್ಲ, ಬರೆದುಕೊಳ್ಳುವುದಿಲ್ಲ. ಒಬ್ಬರು ಒಂದು ಸಾಲು ನುಡಿಸುತ್ತಾರೆ, ಉಳಿದವರು ತಿರುಗಿ ನುಡಿಸುತ್ತಾರೆ. ಬರದವರು ಸ ಹಿಡಿದು ಕೂರುತ್ತಾರೆ. ಮೂರನೇ ಸುತ್ತಿಗೆ ಒಂದೆರಡು ಸ್ವರ ಸಿಗುತ್ತದೆ, ಐದನೇ ಸುತ್ತಿಗೆ ಅರ್ಧ ಸಾಲು. ಇದು ನಮಗೆ ಹೊಸದಲ್ಲ, ಅಲ್ವಾ? ದೀಪಾವಳಿ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಬರುತ್ತಾರಲ್ಲ, ಅವರು ಹಾಡು ಕಲಿತಿದ್ದೂ ಹೀಗೇ. ಮುಂದಿನವರು ಎತ್ತಿಕೊಡುತ್ತಾರೆ, ಹಿಂದಿನವರು ಹಿಡಿಯುತ್ತಾರೆ. ಹುಡುಗರು ಮೊದಲ ವರ್ಷ ಬರೀ ಜೊತೆಗೆ ನಡೆಯುತ್ತಾರೆ. ಎರಡು ಮೂರು ವರ್ಷಕ್ಕೆ ಅವರ ಬಾಯಲ್ಲೂ ಹಾಡು ಬಂದಿರುತ್ತದೆ.

ಈಗ ದೊಡ್ಡಪ್ಪನ ಪ್ರಶ್ನೆ. ಬೆಂಗಳೂರಿನಿಂದ ಒಬ್ಬ ಹುಡುಗ ಬರುತ್ತಾನೆ, ಐರ್ಲೆಂಡ್ ಕಡೆಯ ಧಾಟಿಗಳನ್ನು ನುಡಿಸುತ್ತಾನೆ ಅಂತ ಹೇಳಿದ್ದೆ. ನಮ್ಮ ಸಂಗೀತದವರು ಸೇರುವಲ್ಲಿ ಹೊರಗಿನ ಕುಣಿತದ ಧಾಟಿ ಯಾಕಮ್ಮ ಅಂತ ದೊಡ್ಡಪ್ಪ ಕೇಳಿದ್ದಾರೆ. ದೊಡ್ಡಪ್ಪ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಈ ವಾದ್ಯ ನಮ್ಮ ಮನೆಗೆ ಬಂದ ದಾರಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಮದರಾಸಿನಲ್ಲಿ ಯುರೋಪಿನ ಒಬ್ಬ ವಾದಕನ ಹತ್ತಿರ ಕೂತು ಪಿಟೀಲು ಕಲಿತರು. ಆಮೇಲೆ ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮರದ ಪೆಟ್ಟಿಗೆ ಅದೇ, ಕಮಾನು ಅದೇ. ಬದಲಾಗಿದ್ದು ಹಿಡಿಯುವ ರೀತಿ, ತಂತಿ ಕೂಡಿಸುವ ರೀತಿ. ಯುರೋಪಿನವರು ನಿಂತು ಗದ್ದಕ್ಕೆ ಒತ್ತಿ ಹಿಡಿಯುತ್ತಾರೆ. ನಾವು ಚಕ್ಕಳಮಕ್ಕಳ ಹಾಕಿ, ತುದಿಯನ್ನು ಬಲಗಾಲಿನ ಹರಡಿನ ಮೇಲೆ ಇಡುತ್ತೇವೆ. ಕೈ ಭಾರ ಹೊರಬೇಕಾಗಿಲ್ಲ, ಅದಕ್ಕೇ ನಮಗೆ ಗಮಕಕ್ಕೆ, ಅಂದರೆ ಸ್ವರವನ್ನು ಬಳುಕಿಸುವುದಕ್ಕೆ, ಬೆರಳು ಜಾರಿಸುವುದು ಸುಲಭ.

ಇನ್ನೊಂದು ವಿಷಯ ನನಗೆ ಗೊತ್ತಾದಾಗ ಮೈ ಜುಮ್ಮೆಂದಿತ್ತು. ಅವರ ಸ್ವರಗಳ ಹೆಸರಿನಲ್ಲಿ ಹೇಳಿದರೆ ಅವರ ತಂತಿಗಳು ಕೆಳಗಿನ ಸ್ವರದಿಂದ ಜಿ, ಡಿ, ಎ, ಇ. ನಮ್ಮದು ಸ, ಪ, ಸ, ಪ. ಎರಡೂ ಬೇರೆಯೇ ಅಂತ ನಾನು ತಿಳಿದಿದ್ದೆ. ಆದರೆ ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಹಳೇ ಪಿಟೀಲಿನವರು ಕೆಲವು ಧಾಟಿಗಳಿಗೆ ಎ, ಇ, ಎ, ಇ ಅಂತ ಕೂಡಿಸಿಕೊಳ್ಳುತ್ತಾರೆ. ಎ ಅನ್ನು ಸ ಅಂದುಕೊಳ್ಳಿ, ಅದು ನಮ್ಮ ಸ, ಪ, ಸ, ಪ ಆಗುತ್ತದೆ! ಅವರೂ ಬೆಟ್ಟದ ಜನ, ನಾವೂ ಬೆಟ್ಟದ ಜನ. ನಾವು ಐದು ಮನೆ ಶ್ರುತಿ ಇಟ್ಟುಕೊಳ್ಳುತ್ತೇವೆ, ಅಂದರೆ ನಮ್ಮ ಸ ಅವರ ಜಿ. ಆ ಹುಡುಗ ಎ ಮತ್ತು ಇ ತಂತಿಗಳನ್ನು ಒಂದೊಂದು ಪೂರ್ತಿ ಸ್ವರ ಇಳಿಸಿದರೆ ಸಾಕು. ಜಿ, ಡಿ, ಜಿ, ಡಿ ಆಗಿ ನಮ್ಮ ಜೊತೆ ಕೂಡುತ್ತದೆ. ಐರ್ಲೆಂಡಿನಲ್ಲಿ ಹೀಗೆ ಸುತ್ತ ಕೂತು ನುಡಿಸುವುದಕ್ಕೆ ಸೆಷನ್ ಅನ್ನುತ್ತಾರೆ. ಒಂದು ಧಾಟಿಗೆ ಸಾಮಾನ್ಯವಾಗಿ ಎರಡು ಭಾಗ. ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸಿ ಮತ್ತೆ ಮೊದಲಿಗೆ ಬರುತ್ತಾರೆ. ಜಿಗ್ ಅನ್ನುವುದರ ನಡೆ ತಕಿಟ ತಕಿಟ. ರೀಲ್ ಅನ್ನುವುದು ತಕಧಿಮಿ ತಕಧಿಮಿ. ನಮ್ಮ ಮಕ್ಕಳು ಕೈಯಲ್ಲಿ ತಾಳ ಹಾಕುತ್ತಲೇ ಹಿಡಿದುಬಿಡುತ್ತಾರೆ. ದೊಡ್ಡಪ್ಪ, ನೀವೇ ಬಂದು ಒಂದು ಸಂಜೆ ಕೂತು ಕೇಳಿ. ನಿಮಗೆ ಕುರ್ಚಿ ಜಗಲಿಯ ಕಂಬದ ಪಕ್ಕ ಇಟ್ಟಿರುತ್ತೇನೆ.

ಮೈಕ್ ಇಡುವುದಿಲ್ಲ. ಈ ಬಗ್ಗೆ ಹೋದ ವರ್ಷ ಚರ್ಚೆ ಆಗಿತ್ತು, ನನ್ನ ಮನಸ್ಸು ಬದಲಾಗಿಲ್ಲ. ಪಿಟೀಲು ಚೌಡಯ್ಯನವರು (1895–1967) ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲಿ ಅಂತ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ನಮ್ಮ ಜಗಲಿಗೆ ನಾಲ್ಕು ತಂತಿಯೇ ಸಾಕು. ಮೈಕ್ ಬಂದರೆ ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲು ಶುರು ಮಾಡುತ್ತಾರೆ, ಪಕ್ಕದವರನ್ನು ಕೇಳುವುದು ನಿಂತುಹೋಗುತ್ತದೆ.

ಇನ್ನು ಬರುವವರೆಲ್ಲ ವಾದ್ಯ ನೋಡಿಕೊಂಡು ಬನ್ನಿ. ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲಿ ಮಲಗಿಸಿ ಈಗ ತೆಗೆಯುವವರೇ ಜಾಸ್ತಿ. ನಮ್ಮ ಮಲೆನಾಡಿನ ಥಂಡಿಗೆ ತಂತಿ ಬಿಗಿಯುವ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಫೆಬ್ರವರಿ ಒಣ ಹವೆಗೆ ಅದೇ ಬಿರಡೆ ಕುಗ್ಗಿ ಜಾರುತ್ತದೆ. ಜಾರಿದರೆ ಸ್ವಲ್ಪ ಸೀಮೆಸುಣ್ಣ ಹಚ್ಚಿ, ಒಳಕ್ಕೆ ಒತ್ತುತ್ತಾ ತಿರುಗಿಸಿ. ಪಿಟೀಲಿನ ಮೈಯ ಅಂಚು ಬಿಟ್ಟುಕೊಂಡಿದ್ದರೆ ಗಾಬರಿ ಬೇಡ. ಪಿಟೀಲಿಗೆ ಹಾಕುವುದು ಪ್ರಾಣಿಯ ಚರ್ಮದ ಅಂಟು. ಮರ ಸೀಳುವ ಬದಲು ಅಂಟು ಬಿಡಲಿ ಅಂತಲೇ ಅದನ್ನು ಹಾಕಿರುತ್ತಾರೆ, ಮತ್ತೆ ಕೂಡಿಸಬಹುದು. ದಯವಿಟ್ಟು ಮನೆಯಲ್ಲಿರುವ ಫೆವಿಕಾಲ್ ಹಾಕಬೇಡಿ. ಆಮೇಲೆ ರಿಪೇರಿಯವರು ಬಿಚ್ಚಲು ಹೋದರೆ ಮರವೇ ಕಿತ್ತುಬರುತ್ತದೆ. ಬೂಷ್ಟು ಬರಬಾರದು ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಅದು ಅಡಿಕೆಗೆ ಸರಿ, ಪಿಟೀಲಿಗಲ್ಲ. ಕಾವು ಬಡಿದು ಮರ ಬಿರುಕು ಬಿಡುತ್ತದೆ. ಒಳಕೋಣೆಯ ಬೀರುವಿನಲ್ಲಿ ಇಡಿ, ಮಳೆಗಾಲದಲ್ಲೂ ವಾರಕ್ಕೆರಡು ಸಲ ತೆಗೆದು ನುಡಿಸಿ. ನುಡಿಸಿದ ಮೇಲೆ ಕಮಾನು ಸಡಿಲಿಸಿ. ಬಿಗಿಯಾಗಿಯೇ ಬಿಟ್ಟರೆ ಒಣ ಹವೆಗೆ ಕೂದಲು ಕುಗ್ಗಿ ಕೋಲು ಬಾಗುತ್ತದೆ.

ಶ್ರುತಿ ಕಡಿಮೆ ಇಟ್ಟುಕೊಂಡವರು ಮನೆಯಲ್ಲಿ ಒಮ್ಮೆಲೇ ಏರಿಸಬೇಡಿ. ಮೊದಲನೇ ತಂತಿ ಪಟ್ ಅಂತ ಹರಿಯುತ್ತದೆ. ಇಲ್ಲಿ ಬಂದ ಮೇಲೆ ತಂತಿ ನೋಡಿ ನಿಧಾನವಾಗಿ ಮಾಡೋಣ. ಒಂದು ಜೊತೆ ತಂತಿ, ಒಂದು ತುಂಡು ಹತ್ತಿ ಬಟ್ಟೆ ತನ್ನಿ.

ಶಿವಮೊಗ್ಗದಿಂದ ಬರುವವರಿಗೆ ಮಂಡಗದ್ದೆ ಮೇಲೆ ಸುಮಾರು 60 ಕಿಲೋಮೀಟರ್. ಬಸ್ಸಿನಲ್ಲಿ ಬಂದರೆ ಪೆಟ್ಟಿಗೆ ತೊಡೆ ಮೇಲೆ ಇಟ್ಟುಕೊಳ್ಳಿ. ಕಾರಿನವರು ಬಿಸಿಲಲ್ಲಿ ಡಿಕ್ಕಿಯಲ್ಲಿ ಬಿಡಬೇಡಿ. ಕೊನೆ ಕೊಯ್ಲು ಮುಗಿದಿರುತ್ತದೆ, ಅಂಗಳ ಖಾಲಿ, ಮಲಗಲು ಜಾಗಕ್ಕೆ ಕೊರತೆ ಇಲ್ಲ. ಊಟಕ್ಕೆ ತಂಬುಳಿ, ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ. ದುಡ್ಡು ಯಾರೂ ಕೊಡಬೇಕಾಗಿಲ್ಲ. ತೆಂಗಿನಕಾಯಿ, ತರಕಾರಿ ತಂದರೆ ಸಂತೋಷ.

ಅತ್ತಿಗೆ, ಕೊನೆಗೆ ನಿಮಗೆ ಒಂದು ಕೆಲಸ. ಮಗಳ ಪಿಟೀಲನ್ನು ಮೇಜಿನ ಮೇಲೆ ಇಟ್ಟು, ಪಕ್ಕದಿಂದ ಕುದುರೆಯ ಒಂದು ಫೋಟೋ ತೆಗೆದು ಇವತ್ತೇ ನನಗೆ ಕಳಿಸಿ. ಅದು ಬೆರಳು ಹಲಗೆ ಕಡೆಗೆ ವಾಲಿದೆಯಾ, ಪಾದ ಎರಡೂ ಸರಿಯಾಗಿ ಕೂತಿದೆಯಾ ನೋಡಬೇಕು. ಬೆರಳು ನೋಯುತ್ತದಾ ಅಂತಲೂ ಅವಳನ್ನು ಕೇಳಿ. ನೋಯುತ್ತದೆ ಅಂದರೆ ಫೆಬ್ರವರಿವರೆಗೆ ಕಾಯುವುದು ಬೇಡ, ಈ ಭಾನುವಾರವೇ ನಾನು ಸಾಗರಕ್ಕೆ ಬರುತ್ತೇನೆ.