ಲಿಂಟಲ್‌ಗೆ (ಬಾಗಿಲು-ಕಿಟಕಿ ಮ್ಯಾಲಿನ ತೊಲಿ ಮಟ್ಟಕ್ಕೆ) ನಿಂತ ಮನಿ ಕೆಲಸ ಮತ್ತ ಹೆಂಗ ಎಬ್ಬಿಸೋದು? ಅನುಭವ ಇದ್ದವರು ಹೇಳ್ರಿ

ಸಿಂಧನೂರಿನಿಂದ:
ಮಟೀರಿಯಲ್ ಸಮೇತ ಗುತ್ತಿಗಿ ಕೊಟ್ಟೀವಿ. ಯುಗಾದಿಗೆ ಸ್ಲ್ಯಾಬ್ ಅಂದಿದ್ರು, ಶ್ರಾವಣ ಬಂತು, ಲಿಂಟಲ್‌ಗೇ ನಿಂತದ. ಮುಕ್ಕಾಲು ರೊಕ್ಕ ಹೋಗ್ಯದ. ಗುತ್ತಿಗಿ ಮುರಿಯೋದೋ, ಕಾಯೋದೋ?

ಗಂಗಾವತಿಯಿಂದ:
ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ರು ಅಂದ್ರ ಆಳು ನಾಟಿಗೆ ಹೋಗ್ತಾರ, ಗೌಂಡಿ ಒಬ್ಬನೇ ಬಂದು ಏನು ಮಾಡ್ಯಾನು? 2024ರಾಗ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋತಲ್ಲ, ನಮ್ಮ ಗುತ್ತಿಗೆದಾರ ಅದನ್ನೂ ನೆಪ ಹೇಳಿದ. ಮುರಿದೆ. ಲೇಬರ್ ಗುತ್ತಿಗಿ ಬ್ಯಾರೇದವರಿಗೆ ಕೊಟ್ಟು ಸಿಮೆಂಟ್, ಕಬ್ಬಿಣ, ಉಸುಕು ನಾನೇ ಹಾಕಿದೆ. ಹಳಬ ಸೆಂಟ್ರಿಂಗ್ ಸಾಮಾನು (ಕಾಂಕ್ರೀಟ್ ಗಟ್ಟಿ ಆಗೋತನಕ ಹೊರೋ ಹಲಗಿ-ಕಂಬ) ಬಿಚ್ಚಲಿಲ್ಲ, ಅದರ ಬಾಡಿಗಿ 38 ಸಾವಿರ ನನ್ನ ತಲಿಗೆ ಬಂತು. ಹಸಿ ತಾಗಿ ಕಲ್ಲಾದ ಸಿಮೆಂಟ್ 22 ಚೀಲ ಹೊರಗ ಚೆಲ್ಲಿದೆ. ಪಿಲ್ಲರ್ ಮ್ಯಾಲೆ ಬಿಟ್ಟಿದ್ದ ರಾಡಿಗೆ ತುಕ್ಕು ಬಂದಿತ್ತು, ವೈರ್ ಬ್ರಷ್ ಹೊಡಿಸೋ ಕೂಲಿ 4,200. ಆದ್ರ ಇವತ್ತು ಮನಿಯಾಗ ಇದ್ದೀವಿ.

ರಾಯಚೂರಿನಿಂದ:
ಮುರೀರಿ ಅನ್ನೋದು ಬಾಯಿಮಾತು. ನಡುವ ಬಿಟ್ಟ ಕೆಲಸ ಹೊಸಬ ಹಿಡೀಬೇಕಾದ್ರ ದುಪ್ಪಟ್ಟು ಕೇಳ್ತಾನ. ನಾವು ಎಂಜಿನಿಯರ್ ಕರಸಿ ಆದ ಕೆಲಸ ಅಳಸಿದ್ವಿ, ಕೊಟ್ಟ ರೊಕ್ಕ ಎದುರಿಗಿಟ್ವಿ, ಬಾಂಡ್ ಪೇಪರ್ ಮ್ಯಾಲೆ ಬರಸಿದ್ವಿ: ಸೆಂಟ್ರಿಂಗ್ ಬಡದ್ರ ಇಷ್ಟು, ಕಬ್ಬಿಣ ಕಟ್ಟಿದ್ರ ಇಷ್ಟು, ಸ್ಲ್ಯಾಬ್ ಬಿದ್ರ ಇಷ್ಟು. ಶನಿವಾರದ ಬಟವಾಡೆ ಗುತ್ತಿಗೆದಾರನ ಎದುರಿಗೇ ಗೌಂಡಿ ಕೈಯಾಗ ನಾನೇ ಕೊಟ್ಟೆ. ಆಮ್ಯಾಲೆ ಒಬ್ಬ ಆಳು ತಪ್ಪಲಿಲ್ಲ.

ಗಂಗಾವತಿಯಿಂದ:
ನಿಮ್ಮ ಗುತ್ತಿಗೆದಾರ ಎದುರಿಗೆ ಬಂದು ಕುಂತಾನ್ರಿ! ನಮ್ಮವ ಫೋನೇ ಎತ್ತಲಿಲ್ಲ. ಬಾಂಡ್ ಪೇಪರ್ ಗ್ವಾಡಿಗೆ ಹಚ್ಚಬೇಕಿತ್ತೇನು?

ಬಳ್ಳಾರಿಯಿಂದ:
ಇಬ್ರೂ ರೊಕ್ಕದ ಮಾತೇ ಆಡ್ತೀರಿ. ಜಾಗ ಎರೆ ಭೂಮಿನೋ ಏನೋ ಕೇಳಿದ್ರಾ? ಮಳೆಗೆ ಉಬ್ಬಿ ಬ್ಯಾಸಿಗೆಗೆ ಬಿರಿಯೋ ಮಣ್ಣು ಅದು. ನಮ್ಮದು ನಿಂತಿದ್ದ ಟೈಮ್ನಾಗ ಪ್ಲಿಂತ್ ಬೀಮ್ (ಪಾಯದ ಮ್ಯಾಲಿನ ತೊಲಿ) ಬುಡದಾಗ ಬೆರಳು ಹೋಗುವಷ್ಟು ಬಿರುಕು. ಅಂಚಿನ ಮಣ್ಣು ತೆಗೆಸಿ ಮೊರಂ ಹಾಕಿ ದಮ್ಮಸ್ಸು ಮಾಡ್ಸಿದ್ದಕ್ಕೆ 61 ಸಾವಿರ. ಅದು ನೋಡ್ದೆ ಸ್ಲ್ಯಾಬ್ ಭಾರ ಹಾಕಬ್ಯಾಡ್ರಿ.

ರಾಯಚೂರಿನಿಂದ:
ನಮ್ಮದೂ ಎರೆನೇ. ಶಕ್ತಿನಗರದ ಕರೆಂಟ್ ಸ್ಥಾವರದ ಬೂದಿ ಇಟ್ಟಿಗಿ ಹಾಕೀವಿ, ಒಂದು ಗೆರಿ ಬಿದ್ದಿಲ್ಲ.

ಗಂಗಾವತಿಯಿಂದ:
ಬೂದಿ ಇಟ್ಟಿಗಿಗೆ ಪ್ಲಾಸ್ಟರ್ ಹಿಡಿಯಂಗಿಲ್ಲ. ಸುಟ್ಟ ಇಟ್ಟಿಗೀನೇ ಇಟ್ಟಿಗಿ.

ರಾಯಚೂರಿನಿಂದ:
ಗ್ವಾಡಿ ನೆನಸದ ಪ್ಲಾಸ್ಟರ್ ಹೊಡದ್ರ ಯಾವ ಇಟ್ಟಿಗಿಗೂ ಹಿಡಿಯಂಗಿಲ್ರಿ. ಬಂದು ನಮ್ಮ ಗ್ವಾಡಿ ಬಡದು ನೋಡ್ರಿ.

ಸಿಂಧನೂರಿನಿಂದ:
ಅಣ್ಣಾರ, ನಮ್ಮದೂ ಎರೆ ಭೂಮಿ. ನಾಳೆ ಎಂಜಿನಿಯರ್ ಕರಸಿ ಅಳಸ್ತೀನಿ, ಬುಡಾನೂ ತೋರಸ್ತೀನಿ.